ಹಿತ್ತಲ ಗೋಡೆ ಕ್ಲೀನಾದ ಬಗೆ

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದ ನಾನು ಈಗ ಒಂದು ಇಂಗ್ಲಿಷ್ ಪದಕ್ಕೆ ಹೆದರುತ್ತೇನೆ ಎಂದರೆ ನಗುವವರು ನಗಲಿ. ಅದೇನು ದೊಡ್ಡ ಪದವಲ್ಲ. ಎಲ್ಲರ ಬಾಯಲ್ಲೂ ಇರುವ ‘ಕ್ಲೀನ್’. ರಸ್ತೆಯಲ್ಲಿ ಯಾರಾದರೂ ಆ ಪದ ಆಡುತ್ತ ಹೋದರೂ ಸಾಕು, ಓದುತ್ತಿದ್ದ ಪೇಪರ್ ಮಡಚಿಟ್ಟು ಒಮ್ಮೆ ಹಿತ್ತಲಿಗೆ ಹೋಗಿ ನೋಡಿ ಬರುತ್ತೇನೆ. ಅಲ್ಲಿ ಏನೂ ಆಗಿರುವುದಿಲ್ಲ. ಬಂದು ಕೂತು ಪೇಪರ್ ಬಿಚ್ಚಿದರೆ ಓದಿದ ಸಾಲನ್ನೇ ಮತ್ತೆ ಓದುತ್ತಿರುತ್ತೇನೆ. ಹೀಗೇಕಾಯಿತು ಎಂಬುದನ್ನು, ಆದ ಕ್ರಮದಲ್ಲೇ, ನನಗೆ ಅನುಕೂಲವಾಗುವಂತೆ ಏನನ್ನೂ ತಿದ್ದದೆ ಹೇಳುತ್ತೇನೆ.

ನಮ್ಮ ಗುಡಗೇರಿಯಲ್ಲಿ ಈ ಪದ ಮಾಡದ ಕೆಲಸವಿಲ್ಲ. ಕಾಳು ತುಂಬಲು ಬರುವ ಲಾರಿಯಲ್ಲಿ ಒಬ್ಬ ಕ್ಲೀನರ್ ಇರುತ್ತಾನೆ. ಅವನು ಲಾರಿ ಒರೆಸಿದ್ದನ್ನು ನಾನಂತೂ ಕಂಡಿಲ್ಲ, ಹಿಂದೆ ನಿಂತು ‘ಬರ್ಲಿ, ಬರ್ಲಿ’ ಎನ್ನುವುದೇ ಅವನ ಉದ್ಯೋಗ. ಡಾಕ್ಟರು ಹೊಟ್ಟೆ ಕ್ಲೀನ್ ಆಯಿತೇ ಎಂದು ಕೇಳುತ್ತಾರೆ. ಕನ್ಯೆ ನೋಡಲು ಬಂದವರು ಹುಡುಗ ಅಗದಿ ಕ್ಲೀನ್, ಎಲೆ ಅಡಿಕೆ ಸಹ ಇಲ್ಲ ಎನ್ನುತ್ತಾರೆ. ಕಳ್ಳರು ಬಂದು ಹೋದ ಮನೆಯೂ ಕ್ಲೀನೇ. ನಿವೃತ್ತನಾದ ಮೇಲೆ ಹೊತ್ತು ಹೋಗದೆ ನಾನು ದಪ್ಪ ಡಿಕ್ಷನರಿಯಲ್ಲಿ ಇದರ ಮೂಲ ಹುಡುಕಿದೆ. ಬಹಳ ಹಿಂದೆ ಈ ಪದಕ್ಕೂ ಕಸಬರಿಗೆಗೂ ಅಷ್ಟು ನಂಟಿರಲಿಲ್ಲವಂತೆ. ತಿಳಿಯಾದದ್ದು, ನಿರ್ಮಲವಾದದ್ದು, ಮನಸ್ಸಿನಲ್ಲಿ ಕಲ್ಮಶವಿಲ್ಲದ್ದು ಎಂದೆಲ್ಲ ಅರ್ಥ. ಇದರ ದಾಯಾದಿ ಪದವೊಂದು ಜರ್ಮನ್ ಭಾಷೆಯಲ್ಲಿ ಉಳಿದು, ತಿಳಿಯಾದದ್ದರಿಂದ ನಯವಾದದ್ದಕ್ಕೆ, ನಯವಾದದ್ದರಿಂದ ಸಣ್ಣದಕ್ಕೆ ಜಾರಿ, ಈಗ ಬರೀ ‘ಸಣ್ಣ’ ಎಂದಾಗಿದೆ. ಇಂಗ್ಲಿಷಿನವರು ಇದನ್ನು ‘ಪೂರ್ತಿ, ಒಂದೂ ಉಳಿಯದಂತೆ’ ಎಂಬ ಅರ್ಥದಲ್ಲೂ ಬಳಸುತ್ತಾರೆ. ಇಷ್ಟು ತಿಳಿದ ಮೇಲೆ ಸುಮ್ಮನಿದ್ದರೆ ಆಗುತ್ತಿತ್ತು. ಪದದ ಮೂಲ ತಿಳಿದವನಿಗೆ ಆ ಕೆಲಸವೂ ಬರುತ್ತದೆಂದು ನಾನು ತಿಳಿದದ್ದೇ ತಪ್ಪು.

ಮೇ ತಿಂಗಳ ಕೊನೆ. ಹೆಂಡತಿ ಗಂಗವ್ವ ಮೂರು ದಿನದ ಮಟ್ಟಿಗೆ ತಂಬೂರು ಎಂಬ ಊರಿಗೆ, ತನ್ನ ತಂಗಿಯ ಮನೆಗೆ ಹೋಗಿದ್ದಳು. ಮೊದಲ ದಿನ ನಾನು ಪಾತ್ರೆ ಬೆಳಗಿದೆ. ಎರಡನೆಯ ದಿನ ಪುಸ್ತಕಗಳನ್ನು ಎತ್ತರದ ಪ್ರಕಾರ ಜೋಡಿಸಿ, ಮಧ್ಯಾಹ್ನ ಅದು ಸರಿಕಾಣದೆ ಮತ್ತೆ ಕೆಡವಿದೆ. ಮೂರನೆಯ ದಿನ ಕೈ ತಡೆಯದೆ ಹಿತ್ತಲಿಗೆ ಬಂದೆ. ಮಾಡಿನ ಕೆಳಗೆ, ಗೋಡೆಗೆ ತಟ್ಟಿದ ಸಗಣಿಯ ಬಿಲ್ಲೆಗಳು ಒಣಗಿ ಅಂಟಿಕೊಂಡಿದ್ದವು. ಎಣಿಸಿದೆ, ಹನ್ನೊಂದು. ಗ್ಯಾಸ್ ಬಂದು ಎಷ್ಟೋ ವರ್ಷವಾದ ಮನೆಯಲ್ಲಿ ಇನ್ನೂ ಉರಿಸುವ ಕುಳ್ಳು ಯಾಕೆ ಎಂದುಕೊಂಡು ಕುರ್ಪಿಯಿಂದ ಒಂದೊಂದಾಗಿ ಕೆತ್ತಿ ತೆಗೆದೆ. ಗೋಡೆಗೆ ನೀರು ಹೊಡೆದು ತಿಕ್ಕಿದೆ. ಕೆತ್ತಿದ್ದನ್ನು ಚೆಲ್ಲುವುದೇಕೆಂದು ನೀರೊಲೆಗೆ ಹಾಕಿ ಸ್ನಾನಕ್ಕೆ ಕಾಸಿದೆ. ಒಲೆಯಲ್ಲಿ ಸಾಸಿವೆ ಸಿಡಿದಂತೆ ಚಟಚಟ ಸದ್ದಾಯಿತು. ಕುಳ್ಳು ಹಾಗೆ ಸಿಡಿಯುವುದಿಲ್ಲ ಎಂಬುದು ಆಗಲೂ ನನಗೆ ಗೊತ್ತಿತ್ತು. ಆದರೆ ನೀರು ಚೆನ್ನಾಗಿ ಕಾದಿತ್ತು.

ಸಂಜೆ ಗಂಗವ್ವ ಬಂದಳು. ಚೀಲವನ್ನೂ ಇಳಿಸದೆ ನೇರ ಹಿತ್ತಲಿಗೆ ಹೋದವಳು ಅಲ್ಲೇ ನಿಂತಳು.

“ಗ್ವಾಡಿ ಮ್ಯಾಲಿನವು ಎಲ್ಲಿ ಅದಾವರಿ?”

ಹೊಗಳುತ್ತಾಳೆಂಬ ಭರವಸೆಯಲ್ಲಿ ನಾನು, ಎಲ್ಲಾ ಕ್ಲೀನ್ ಮಾಡಿದ್ದೇನೆ, ಸುಟ್ಟು ನೀರು ಕಾಸಿಕೊಂಡೆ ಎಂದೆ. ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು. ಆಮೇಲೆ ಹೇಳಿದಳು: ಅವು ಕುಳ್ಳಲ್ಲ, ಸವತಿಕಾಯಿಯ ಬೀಜ. ಹುಳ ಹತ್ತದಿರಲೆಂದು ಹಸಿ ಸಗಣಿಯಲ್ಲಿ ಕಲೆಸಿ ಗೋಡೆಗೆ ತಟ್ಟಿದ್ದು. ಅದೂ ನಮ್ಮದಲ್ಲ, ಬಾಜು ಮನೆಯ ಹುಸೇನಬಿ ಹಿಂದೆ ಕೊಟ್ಟ ಬೀಜದ ಸಂತಾನ. ಹೋದ ವರ್ಷ ಹುಸೇನಬಿಯ ಹೊಲದಲ್ಲಿ ಬೀಜಕ್ಕೆ ಬಿಟ್ಟ ಕಾಯಿಯನ್ನೂ ಬಳ್ಳಿಯನ್ನೂ ಆಡು ತಿಂದುಹೋಗಿದ್ದವು. ಈ ಸಲ ಬಿತ್ತಲು ನಮ್ಮ ಗೋಡೆಯ ಮೇಲಿದ್ದದ್ದೇ ಗತಿ, ಕೊಡುತ್ತೇನೆಂದು ಗಂಗವ್ವ ಮಾತು ಕೊಟ್ಟಿದ್ದಳು. ಬಿತ್ತನೆಯ ಮಿರಗದ ಮಳೆಗೆ ವಾರವೋ ಹತ್ತು ದಿನವೋ ಉಳಿದಿತ್ತು.

“ಹುಡುಗರಿಗೆ, ತಿಳೀದಿದ್ರ ಕೇಳ್ರಿ ಕೇಳ್ರಿ ಅಂತಿದ್ರಿ. ನಿಮಗ ಒಂದ್ ಫೋನ್ ಮಾಡಿ ಕೇಳಾಕ ಏನಾಗಿತ್ರಿ? ನಾ ಏನ್ ಸತ್ತಿದ್ನೇನು, ತಂಬೂರಾಗ ಇದ್ದೆ.”

ಡಿಕ್ಷನರಿಯಲ್ಲಿ ‘ಕ್ಲೀನ್’ ಪದಕ್ಕೆ ಅಷ್ಟೊಂದು ಅರ್ಥಗಳಿದ್ದವು. ಅಳಿಸುವ ಮೊದಲು ಅಲ್ಲಿ ಏನಿತ್ತು, ಯಾರದಿತ್ತು ಎಂದು ಕೇಳುವ ಅರ್ಥ ಮಾತ್ರ ಒಂದೂ ಇರಲಿಲ್ಲ.

ಹೇಳಬೇಕಾದವರು ನೀವೇ ಎಂದು ಗಂಗವ್ವ ನನ್ನನ್ನೇ ಬಾಜು ಮನೆಗೆ ಕಳಿಸಿದಳು. ಅರವತ್ತೈದು ದಾಟಿದ ಹುಸೇನಬಿ ಬಾಗಿಲಲ್ಲಿ ಕೂತು ಕಡಲೆ ಹಸನು ಮಾಡುತ್ತಿದ್ದಳು. ನಾನು ನಿಂತೇ ಹೇಳಿದೆ, ಚಟಚಟ ಸದ್ದನ್ನೂ ಬಿಡಲಿಲ್ಲ. ಅವಳು ಮೊರ ಕೆಳಗಿಟ್ಟಳು.

“ಮಾಸ್ತರ್ರ, ನಾ ಲಗ್ನಾಗಿ ಬರೂವಾಗ ಬಮ್ಮಿಗಟ್ಟಿಯಿಂದ ಸೆರಗಿನ್ಯಾಗ ಕಟ್ಕೊಂಡ ಬಂದಿದ್ನಿರಿ ಅದನ್ನ,” ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಮರುದಿನ ನಾನೂ ಹುಸೇನಬಿಯೂ ಬಮ್ಮಿಗಟ್ಟಿಗೆ ಹೊರಟೆವು. ಅಲ್ಲಿ ಅವಳ ಅಣ್ಣನ ಮನೆ. ಅವನ ಹೊಲವೆಲ್ಲ ಈಗ ಗೋವಿನಜೋಳವಾಗಿ ಹೋಗಿದೆ, ಬೀಜ ಉಳಿದಿದೆಯೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಅವಳು ಹೆಣ್ಣುಮಕ್ಕಳ ಸೀಟಿನಲ್ಲಿ ಕೂತು, ಯಾಕೆ ಹೊರಟಿದ್ದೇವೆಂದು ಪಕ್ಕದವಳಿಗೆ ಹೇಳಿದಳು. ಪಕ್ಕದವಳು ಹಿಂದಿನವಳಿಗೆ ಹೇಳಿದಳು. ಹುಬ್ಬಳ್ಳಿ ಮುಟ್ಟುವುದರೊಳಗೆ ಕಂಡಕ್ಟರ್ ನನ್ನ ಹತ್ತಿರ ಬಗ್ಗಿ, “ಅಲ್ರಿ ಸರ, ಒಂದರೆ ಉಳಿಸಬಾರದಿತ್ತೇನ್ರಿ?” ಎಂದ. ಹನ್ನೊಂದೂ ಸುಟ್ಟೆ ಎಂದು ನಾನು ಲೆಕ್ಕ ತಪ್ಪದೆ ಹೇಳಿದೆ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿದಾಗ, ಇನ್ನು ಈ ಬಸ್ಸಿನಲ್ಲಿ ಯಾರಿಗೂ ಗೊತ್ತಿಲ್ಲವೆಂದು ಸಮಾಧಾನಪಟ್ಟೆ. ಹುಸೇನಬಿ ಅಲ್ಲಿಯೂ ಪಕ್ಕದವಳ ಕಡೆ ತಿರುಗಿದಳು.

ಹುಸೇನಬಿಯ ಅತ್ತಿಗೆ ಜೈತುನಬಿ ಎಲ್ಲವನ್ನೂ ಕೇಳಿಸಿಕೊಂಡು, ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ನಾನು ಕಟ್ಟೆಯ ಮೇಲೆ ಕೂತೆ, ಎದ್ದೆ, ಮತ್ತೆ ಕೂತೆ. ಕೊನೆಗೆ ಒಂದೇ ಒಂದು ಒಣ ಬಿಲ್ಲೆ ಹಿಡಿದು ಬಂದಳು. ಉಳಿದವನ್ನು ಇಲಿ ಕೆಡವಿ ತಿಂದಿದ್ದವಂತೆ. ಅದರ ಅರ್ಧ ತಾನು ಇಟ್ಟುಕೊಂಡು, ಇನ್ನರ್ಧ ಪುಡಿಮಾಡಿ ಹದಿನೇಳು ಬೀಜ ಆರಿಸಿದಳು. ಹುಸೇನಬಿ ಸೆರಗು ಒಡ್ಡಿದಳು. ಜೈತುನಬಿ ಅವಳ ಸೆರಗಿಗೆ ಹಾಕಲಿಲ್ಲ.

“ಸುಟ್ಟವರ ಕೈಯಾಗ ಕೊಡತೇನಿ. ಇನ್ನ ಮುಂದ ಅವರೇ ಕಾಯ್ತಾರ,” ಎಂದು ನನ್ನ ಅಂಗೈಗೆ ಸುರಿದು, ಮುಷ್ಟಿಯನ್ನು ತಾನೇ ಮಡಚಿದಳು.

ಜುಬ್ಬಕ್ಕೆ ಎರಡು ಕಿಸೆಗಳಿದ್ದವು. ಆದರೂ ಗುಡಗೇರಿವರೆಗೆ ನಾನು ಆ ಮುಷ್ಟಿ ಬಿಚ್ಚಲಿಲ್ಲ. ಬಸ್ಸಿನಲ್ಲಿ ಒಂದೇ ಕೈಯಿಂದ ಕಂಬಿ ಹಿಡಿದು, ತಿರುವಿನಲ್ಲೆಲ್ಲ ಯಾರ್‍ಯಾರದೋ ಮೈಮೇಲೆ ಬಿದ್ದು, ಬೈಸಿಕೊಂಡು ಬಂದೆ. ಮಳೆ ಬಿದ್ದ ಮೇಲೆ ಎಂಟು ಹುಸೇನಬಿಯ ಹೊಲಕ್ಕೆ, ಒಂಬತ್ತು ನಮ್ಮ ಹಿತ್ತಲಿಗೆ. ಹನ್ನೆರಡು ಹುಟ್ಟಿದವು. ಎರಡೂ ಕಡೆ ಒಂದೊಂದು ಕಾಯಿಯನ್ನು ಬೀಜಕ್ಕೆಂದು ಹಣ್ಣಾಗಲು ಬಿಟ್ಟೆವು. ಆ ಎರಡು ಹಣ್ಣು ಹಳದಿಯಾಗುವವರೆಗೆ ಆಡಿನ ಗಂಟೆ ಕೇಳಿದರೆ ನಾನು ಊಟದ ತಾಟು ಬಿಟ್ಟು ಏಳುತ್ತಿದ್ದೆ. ಆ ಬೀಜಕ್ಕೆ ಸಗಣಿ ಹುಸೇನಬಿಯ ಎಮ್ಮೆಯದು, ಕಲೆಸಿದ್ದು ನಾನು, ನಮ್ಮ ಗೋಡೆಗೆ ತಟ್ಟಿದ್ದೂ ನಾನೇ. ಬ್ಲ್ಯಾಕ್‌ಬೋರ್ಡ್ ಮೇಲೆ ಬರೆದಂತೆ ಮಾಸ್ತರು ಸಾಲಿಗೆ ಸಾಲು ತಟ್ಟಿದ್ದಾರೆಂದು ಹುಸೇನಬಿ ಓಣಿಗೆಲ್ಲ ಹೇಳಿಕೊಂಡು ಬಂದಳು.

ಈಗ ಮಾನೌಮಿ ಹಬ್ಬ ಹತ್ತಿರ ಬಂದಿದೆ. ಮನೆಯೆಲ್ಲ ಸಾರಿಸಿ ಗುಡಿಸುವ ಗಡಿಬಿಡಿ. ನಿನ್ನೆ ಗಂಗವ್ವ ಕಸಬರಿಗೆ ಹಿಡಿದು ಹಿತ್ತಲಿಗೆ ಬಂದಾಗ ನಾನು ಗೋಡೆಗೆ ಬೆನ್ನು ಕೊಟ್ಟು ಅಡ್ಡ ನಿಂತೆ. ಬರೀ ನೆಲ ಗುಡಿಸುತ್ತೇನೆ, ಸರಿಯಿರಿ ಎಂದಳು. ನಾನು ಸರಿಯಲಿಲ್ಲ. ಅವಳು ನನ್ನ ಸುತ್ತಲೂ ಗುಡಿಸಿಕೊಂಡು ಹೋದಳು. ಸಂಜೆ ಹೋಗಿ ನೋಡಿದೆ: ಇಡೀ ಹಿತ್ತಲಿನಲ್ಲಿ ಕಸ ಉಳಿದದ್ದು ನನ್ನ ಎರಡು ಪಾದಗಳಷ್ಟು ಜಾಗದಲ್ಲಿ ಮಾತ್ರ.