ಹುಲಿಗೆವ್ವನ ಎಡೆಗೆ ಐದು ಗೋಡಂಬಿ

ಶೇಂಗಾ ಬೆಳೆಯುವ ನಾಡಿನಲ್ಲಿ ಹುಟ್ಟಿದವನು ಕಂಡ ಬೀಜವನ್ನೆಲ್ಲ ಹಲ್ಲಿನಿಂದಲೇ ಒಡೆಯುತ್ತಾನೆ. ಕಂಠೆಪ್ಪನೂ ಹಾಗೆಯೇ ಮಾಡಿ ಕೆಟ್ಟ.

ಅಂದು ಅವನ ಹೆಂಡತಿ ಹುಲಿಗೆವ್ವ ತೀರಿಕೊಂಡು ಒಂದು ವರ್ಷ. ಫೋಂಡಾದ ಬಾಡಿಗೆ ಸಾಲುಮನೆಯಲ್ಲಿ ಮಗಳು ಅಶ್ವಿನಿ ಎಡೆಗೆ ಹೋಳಿಗೆ, ಅನ್ನ, ಪಲ್ಯ ಎಲ್ಲ ಮಾಡಿಟ್ಟಿದ್ದಳು. ಕೊರತೆ ಒಂದೇ. ಪ್ರತಿ ಬೇಸಿಗೆಯಲ್ಲೂ ಹುಲಿಗೆವ್ವ, “ಗೋಡಂಬಿ ತಿನ್ನೂ ಆಸೆ ಆಗೇತ್ರಿ” ಎನ್ನುತ್ತಿದ್ದಳು. ಅವನು ಪೊಟ್ಟಣ ತರುತ್ತಿದ್ದ. ಅವಳು ಒಂದನ್ನು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಅವನ ಮುಂದೆ ಸರಿಸುತ್ತಿದ್ದಳು. ಅಂಥವಳ ಎಡೆಗೆ ಅಂಗಡಿಯ ಚೂರು ಇಡುವುದೇ? ಗಾರೆ ಕೆಲಸದ ಜಾಗದ ಪಕ್ಕದ ತೋಟದವಳನ್ನು ಕೇಳಿ, ಮರದಡಿ ಬಿದ್ದ ಹಸಿ ಬೀಜ ಆರಿಸಿ ತಂದಿದ್ದ. ಗೋವೆಗೆ ಬಂದು ಇಪ್ಪತ್ತು ವರ್ಷವಾಗಿದ್ದರೂ ಸಿಪ್ಪೆಯೊಳಗಿನ ಗೋಡಂಬಿಯನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು.

ಕಟಕ್ಕನೆ ಕಡಿದ. ಸಿಪ್ಪೆಯ ಸೊನೆ ತುಟಿಗೆ ಚಿಮ್ಮಿತು. ಮಧ್ಯಾಹ್ನದ ಹೊತ್ತಿಗೆ ತುಟಿಗಳು ಊದಿ, ಮುಖದ ಮೇಲೆ ಎರಡು ಬದನೆಕಾಯಿ ಅಂಟಿಸಿದಂತಾಗಿತ್ತು.

“ಅಯ್ಯ ಅಣ್ಣಾ, ಅದನ್ನೇನು ಶೇಂಗಾ ಅಂತ ತಿಳದ್ರ್ಯಾ?” ಪಕ್ಕದ ಮನೆಯ ಶರೀಫಾ ಕೊಬ್ಬರಿ ಎಣ್ಣೆ ಹಿಡಿದು ಓಡಿ ಬಂದಳು. “ಸೊನಿ ಸುಟ್ಟು ಹೋಗೂಹಂಗ ಹುರೀಬೇಕ್ರಿ. ಕೊಡ್ರಿ ಇಲ್ಲೆ.”

ಹಳೆಯ ತಗಡಿನ ಮೇಲೆ ಹುರಿದಳು. ಬೀಜಗಳಿಗೆ ಭಗ್ಗನೆ ಬೆಂಕಿ ಹತ್ತಿತು. ಹೊಗೆಗೆ ಎದುರುಮನೆ ಪರಮಣ್ಣನ ಬಿಳಿ ಅಂಗಿ ಮಸಿಯಾಯಿತು. ಇದ್ದಿಲಾಗದೆ ಉಳಿದದ್ದು ಐದೇ ಗೋಡಂಬಿ.

ಎಡೆಯನ್ನು ಅಂಗಳದ ಮೋಟುಗೋಡೆಯ ಮೇಲಿಟ್ಟರು. ಕಾಗೆ ಮುಟ್ಟುವ ತನಕ ಯಾರೂ ತುತ್ತು ಎತ್ತುವಂತಿಲ್ಲ. ಊಟಕ್ಕೆ ಬಂದ ನೆರೆಯವರೂ ಹಸಿದು ಕೂತರು. ಮಾಡಿನ ಮೇಲೆ ಕಾಗೆ ಬಂದಿತು, ಗೋಡಂಬಿ ನೋಡಿತು, ಬೀಗಿತ್ತಿಯಂತೆ ಮುಖ ತಿರುಗಿಸಿತು.

“ಅಕ್ಕನ ಮನಸಿನ್ಯಾಗ ಏನೋ ಉಳದೈತಿ,” ಎಂದ ಪರಮಣ್ಣ. “ಮಾತು ಕೊಡೋ ಕಂಠೆಪ್ಪ.”

ಕಂಠೆಪ್ಪ ಬಾಯಿ ತೆರೆಯಲು ಹೋದ. “ಬ್ಬ... ಬ್ಬ...”

“ನೀ ಸುಮ್ನಿರು, ನಾ ಹೇಳ್ತೇನಿ. ಯವ್ವಾ, ಇವ ಇನ್ನ ಬೀಡಿ ಸೇದಂಗಿಲ್ಲ!”

ಕಾಗೆ ಕದಲಲಿಲ್ಲ.

“ಚಾ ಕುಡಿಯಂಗಿಲ್ಲ!”

ಕಂಠೆಪ್ಪ ಅವನ ತೋಳು ಹಿಡಿದು ಜಗ್ಗಿದ.

“ಇಸ್ಪೀಟೂ ಬಿಟ್ಟ!” ಹಸಿವಿನಲ್ಲಿ ಪರಮಣ್ಣನ ಔದಾರ್ಯಕ್ಕೆ ಮಿತಿಯೇ ಇರಲಿಲ್ಲ.

ಬಿಸಿಲು ಇಳಿಯತೊಡಗಿತು. ಇದ್ದಾಗಲೂ ಅವಳಿಗೆ ಹೆಚ್ಚೇನೂ ಕೊಡಲಿಲ್ಲ, ಹೋದ ಮೇಲೂ ಒಂದು ಆಸೆ ತೀರಿಸಲಾಗಲಿಲ್ಲವಲ್ಲ ದೇವರೇ ಎಂದು ಕಂಠೆಪ್ಪನ ಕಣ್ಣು ತುಂಬಿ ಬಂತು.

ಅದನ್ನು ನೋಡಿದ ಶರೀಫಾ ಮನೆಗೆ ಹೋಗಿ ಒಂದು ಮುಷ್ಟಿ ಹುರಿದ ಶೇಂಗಾ ತಂದು ಎಡೆಯ ಅಂಚಿಗೆ ಹಾಕಿದಳು. ಅವಳು ಹಿಂದೆ ಸರಿಯುವುದೇ ತಡ, ಕಾಗೆ ಎರಗಿತು. ಗೋಡಂಬಿಯನ್ನು ಕೊಕ್ಕಿನಿಂದ ಅತ್ತ ಸರಿಸಿ, ಶೇಂಗಾ ಕಚ್ಚಿಕೊಂಡು ಹಾರಿತು.

“ನಿನಗ ಹೆಂಗ ಗೊತ್ತಾತವ್ವಾ?” ಎಂದ ಪರಮಣ್ಣ.

“ಅಕ್ಕಗ ಗೋಡಂಬಿ ಸೇರ್ತಿರಲಿಲ್ರಿ, ಶೇಂಗಾ ಅಂದ್ರನ ಆಸೆ. ‘ನಮ್ಮನಿಯವ್ರಿಗೆ ಅದಂದ್ರ ಜೀವ, ಆದ್ರ ತಮಗಂತ ಒಂದ ಕಾಳೂ ತಗೊಳಂಗಿಲ್ಲ. ಅದಕ್ಕ ನನಗ ಬೇಕಂತೇನಿ’ ಅಂತಿದ್ಳು. ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕಿದ್ಳು. ಇವತ್ತ ಅಣ್ಣನ ಕಣ್ಣೀರು ನೋಡಲಾರದ ಹೇಳೇನಿ.”

ಅಶ್ವಿನಿ ಆ ಐದು ಗೋಡಂಬಿ ತಂದು ಕಂಠೆಪ್ಪನ ಅಂಗೈಯಲ್ಲಿಟ್ಟಳು. “ತಿನ್ನಪ್ಪಾ. ಅವ್ವ ನಿನಗಂತನ ಸರಿಸ್ಯಾಳ.”

ಒಂದನ್ನು ತುಟಿಗೆ ತಂದ. ಬದನೆಕಾಯಿಗಳು ದಾರಿ ಬಿಡಲಿಲ್ಲ. ಎಲ್ಲರೂ ಹೋಳಿಗೆಗೆ ಕೂತರು. ಅವನಿಗೆ ಚಮಚದಲ್ಲಿ ಗಂಜಿ. ಹೋಗಲಿ, ಆಮೇಲೆ ಒಂದು ಬೀಡಿಯನ್ನಾದರೂ ಸೇದೋಣವೆಂದು ಜೇಬಿಗೆ ಕೈ ಹಾಕಿದರೆ, ಪರಮಣ್ಣ ಬೀಡಿ ಕಟ್ಟನ್ನೇ ಕಸಿದು ತನ್ನ ಮಸಿಯಂಗಿಯ ಜೇಬಿಗೆ ಇಳಿಸಿಕೊಂಡ.

“ಕಾಗಿ ಕೇಳೈತೋ ಕಂಠೆಪ್ಪ,” ಎಂದ. “ಇನ್ನ ಮಾತು ತಪ್ಪಬಾರದು ನೋಡು.”