ಮೈದುನನ ವೋಲ್ಟೇಜು

ನಮ್ಮ ಮೈದುನನ ಮದುವೆ ತಡವಾದದ್ದಕ್ಕೆ ಕರೆಂಟೇ ಕಾರಣ ಎಂದರೆ ನೀವು ನಗುತ್ತೀರಿ. ನಗಿ! ಯಶವಂತಪುರಕ್ಕೆ ಹೆಣ್ಣು ನೋಡಲು ಹೋದವನು ಹುಡುಗಿಯನ್ನು ಬಿಟ್ಟು ತಲೆಯ ಮೇಲಿನ ಬಲ್ಬನ್ನೇ ನೋಡುತ್ತ ಕುಳಿತ. ಏನಾದರೂ ಕೇಳಪ್ಪ ಎಂದು ಹುಡುಗಿಯ ತಂದೆ ಒತ್ತಾಯಿಸಿದಾಗ, "ಸಂಜಿ ಹೊತ್ತಿನ್ಯಾಗ ನಿಮ್ಮಲ್ಲಿ ಎಷ್ಟು ವೋಲ್ಟ್ ಬರತದ್ರಿ?" ಎಂದ. ಉಪ್ಪಿಟ್ಟು ತಿಂದು ಎದ್ದು ಬಂದೆವು.

ಗದಗಿನ ಕಡೆಯಿಂದ ಬಂದು ಸಹಕಾರನಗರದಲ್ಲಿ ಮನೆ ಮಾಡಿದ್ದೆವು. ಎಂಬತ್ತರ ದಶಕದ ಆ ಕಾಲದಲ್ಲಿ, ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ ಮೈದುನ ಯಾರಿಂದಲೋ ಒಂದು ಹಳೆಯ ಪುಟ್ಟ ಕಂಪ್ಯೂಟರ್ ತಂದ. ಅದಕ್ಕೆ ಸ್ವಂತ ಪರದೆಯಿಲ್ಲ; ನಮ್ಮ ಟಿವಿಗೇ ಸಿಕ್ಕಿಸಬೇಕು. ವೋಲ್ಟೇಜ್ ಇಳಿದರೆ ಚಿತ್ರ ನಾಲ್ಕೂ ಕಡೆಯಿಂದ ಕುಗ್ಗಿ ಗಡಗಡ ನಡುಗುತ್ತಿತ್ತು. ಸ್ಟೆಬಿಲೈಜರ್ ಇತ್ತು, ಇಲ್ಲವೆನ್ನಲಾರೆ. ಟಕ್ ಟಕ್ ಎನ್ನುವುದರ ಹೊರತು ಅದು ಬೇರೇನೂ ಮಾಡಿದ್ದನ್ನು ಕಾಣೆ.

ಸರಿ, ಸಂಜೆ ಆರರಿಂದ ಏಳರವರೆಗೆ ಬೀದಿಗೆಲ್ಲ ಅವನ ನಿಷೇಧಾಜ್ಞೆ! ನನ್ನ ಮಿಕ್ಸಿ, ಇಸ್ತ್ರಿಪೆಟ್ಟಿಗೆ ಬಂದ್. ಪರದೆ ನಡುಗಿದ ರೀತಿ ನೋಡಿಯೇ ಯಾರ ಮನೆಯಲ್ಲಿ ಏನು ಹಾಕಿದರೆಂದು ಪತ್ತೆ ಹಚ್ಚಿ, ನಿಲ್ಲಿಸಿರೆಂದು ಹೇಳಲು ಚಪ್ಪಲಿ ಮೆಟ್ಟಿ ಹೊರಡುತ್ತಿದ್ದ.

ಇತ್ತ ನಮ್ಮ ಅತ್ತೆಯದು ಬೇರೆಯೇ ಸಂಕಟ. ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿ, ತಂಗಿಯ ಕಾಗದವನ್ನು ತಾವೇ ಓದಲಾಗುತ್ತಿರಲಿಲ್ಲ. ಯಾವ ಕನ್ನಡಕವೂ ಆಗದು ಎಂದಿದ್ದರು ಡಾಕ್ಟರು. ನಾನೇ ಓದಿ ಹೇಳುತ್ತಿದ್ದೆ. ಸೊಸೆಯರ ಮೇಲಿನ ಮಾತು ಬಂದರೆ ಮೆಲ್ಲಗೆ ಹಾರಿಸುತ್ತಿದ್ದೆ ಎಂಬುದೂ ನಿಜ. ನೀವಾಗಿದ್ದರೆ ಓದುತ್ತಿದ್ದಿರಾ?

ಒಂದು ದಿನ ಪಕ್ಕದ ಗೌಡರ ಮನೆಯಾಕೆ ಬೇಲಿಯ ಬಳಿ ನನ್ನನ್ನು ಹಿಡಿದುಕೊಂಡರು. "ನಿಮ್ ಮೈದುನ ಬಂದು ಮೋಟ್ರು ಆಕ್ಬ್ಯಾಡಿ ಅಂತಾರಲ್ಲ ಕಣಮ್ಮ, ಅವ್ರ ಟೀವಿ ಸಣ್ಣಗಾಯ್ತದಂತೆ. ನೀರಿಲ್ದೆ ನಮ್ಮೆಮ್ಮೆ ಸಣ್ಣಗಾದ್ರೆ?"

ನಾಚಿಕೆಯಿಂದ ಕುದಿದು ಹೋದೆ. ಇಷ್ಟಕ್ಕೂ ಅದರ ಮುಂದೆ ಕೂತು ಮಾಡುವುದೇನು ಎಂದು ಅವನ ಮೇಲೆ ಜಗಳಕ್ಕೇ ನಿಂತೆ. ಅಲ್ಲಿಯವರೆಗೆ ನಾವ್ಯಾರೂ ಕೇಳಿರಲೇ ಇಲ್ಲ ನೋಡಿ! ಅವನು ಪರದೆ ತೋರಿಸಿದ. ಚುಕ್ಕಿಗೆ ಚುಕ್ಕಿ ಕೂಡಿಸಿದ, ಅಂಗೈಯಷ್ಟಗಲದ ಕನ್ನಡ ಅಕ್ಷರಗಳು.

"ಅವ್ವಗ, ವೈನಿ," ಎಂದ. "ಇಷ್ಟು ದೊಡ್ಡದಿದ್ರ ಆಕಿಗೆ ಕಾಣಸ್ತದ. ಕುಗ್ಗಿದ್ರ ಕಾಣಸೂದಿಲ್ಲ."

ಮರುದಿನ ಸಂಜೆ ಸೆರಗು ಸಿಕ್ಕಿಸಿ ಮನೆಮನೆಗೆ ಹೋದವಳು ನಾನು. ಗೌಡರ ಮನೆಯಾಕೆ ಮೋಟರ್ ನಿಲ್ಲಿಸಿ ನನ್ನ ಜೊತೆಯಲ್ಲೇ ಬಂದರು. ಪರದೆಯ ಮೇಲೆ, ಮೈದುನ ನೋಡಿ ಮೂಡಿಸಿದ್ದ ಅತ್ತೆಯ ತಂಗಿಯ ಕಾಗದದ ಸಾಲುಗಳು ಅಲುಗದೆ ನಿಂತಿದ್ದವು. ಅತ್ತೆ ಮೂಗು ತಾಗುವಷ್ಟು ಹತ್ತಿರ ಕೂತು ಒಂದೊಂದೇ ಅಕ್ಷರ ಕೂಡಿಸಿದರು.

"ಅಕ್ಕಾ... ನಿನ್ನ ಸೊಸಿ... ನನ್ನ ಕಾಗದ... ಪೂರಾ ಓದತಾಳೋ ಇಲ್ಲೋ?"

ನಾನು ಹಾರಿಸಿದ್ದ ಸಾಲು ಅದು! ತಲೆ ಎತ್ತಲಾಗಲಿಲ್ಲ, ಅಳು ಬಂತು. ಅತ್ತೆ ಪರದೆಯಿಂದ ಕಣ್ಣು ತೆಗೆಯದೆ ನನ್ನ ಕೈಯನ್ನು ತಡಕಿ ಹಿಡಿದುಕೊಂಡು, ಮಗನಿಗೆ ಹೇಳಿದರು:

"ಪೂರಾ ಓದತಾಳ ಅಂತ ಬರಿಯಪಾ."