ಮಾವನ ಗಾಡಿಯ ಹೆಡ್ಡು

ಮಾವ ಕಿರಿಯ ಮಗಳ ಮನೆಗೆ ಹೊರಡುವಾಗ ಹೇಳಿ ಹೋದದ್ದು ಒಂದೇ ಮಾತು. ದಿನಕ್ಕೊಂದು ಸಲ ಕಾರು ಸ್ಟಾರ್ಟ್ ಮಾಡಬೇಕು, ಹತ್ತು ನಿಮಿಷ ನಿಂತಲ್ಲೇ ಗುರುಗುಟ್ಟಲು ಬಿಡಬೇಕು, ಆಮೇಲೆ ಆಫ್ ಮಾಡಿ ಬೀಗದ ಕೈಯನ್ನು ಮೊಳೆಗೆ ತಗುಲಿಸಬೇಕು. ಚಕ್ರ ಮಾತ್ರ ಒಂದು ಸುತ್ತೂ ಉರುಳಕೂಡದು. ಗುಳ್ಳೆಯಣ್ಣ ಆರು ದಿನ ಇದನ್ನು ಚಾಚೂ ತಪ್ಪದೆ ನಡೆಸಿದ. ಏಳನೆಯ ದಿನ ಬೆಳಿಗ್ಗೆ ಅವನ ಶೆಡ್ಡಿನಲ್ಲಿ ಬೆಸುಗೆಯ ಗ್ಯಾಸು ಮುಗಿದಿತ್ತು, ತಂದುಕೊಡುತ್ತೇನೆ ಎಂದಿದ್ದ ಆಟೋದವನು ಕೈಕೊಟ್ಟಿದ್ದ, ಮಾವನ ಕಾರು ಕಣ್ಣೆದುರಿಗೇ ಗುರುಗುಟ್ಟುತ್ತಿತ್ತು. ಮನುಷ್ಯ ಕೆಡುವುದಕ್ಕೆ ಇಷ್ಟು ಸಾಕು.

ಆಳೆತ್ತರದ ಗ್ಯಾಸಿನ ಕೊಳವೆಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಅವನು ವಾಪಸು ಬರುವಾಗ ಸೇತುವೆಯ ಏರಿನಲ್ಲಿ ಕಾರಿನ ಮೂತಿಯಿಂದ ಹಬೆ ಎದ್ದಿತು. ಅಕ್ಕಿ ಬೇಯುವ ಪಾತ್ರೆಯಂತೆ ಮುಚ್ಚಳ ಕುಣಿಯಿತು. ಗುಳ್ಳೆಯಣ್ಣ ಬಾನೆಟ್ ಎತ್ತುವುದಕ್ಕೆ ಮೊದಲೇ, ಒಳಗೆ ಏನು ಒಡೆದಿದೆ ಎಂದು ಅವನಿಗೆ ಗೊತ್ತಾಗಿ ಹೋಯಿತು.

ಎಂಜಿನ್ನಿನ ಮೇಲೆ ಮುಚ್ಚಳದಂತೆ ಕೂರುವ ಅಲ್ಯುಮಿನಿಯಂ ಗಡ್ಡೆಯೊಂದಿರುತ್ತದೆ. ಅದಕ್ಕೆ ಹೆಡ್ಡು ಎನ್ನುತ್ತಾರೆ. ಎಂಜಿನ್ ಕಾದು ಹೋದರೆ ಅದು ಬಿರುಕು ಬಿಡುತ್ತದೆ, ಇಲ್ಲವೇ ಹಪ್ಪಳದಂತೆ ಸೊಟ್ಟಗಾಗುತ್ತದೆ. ಹಾಗೆ ಕೆಟ್ಟ ಹೆಡ್ಡುಗಳನ್ನು ಬೆಸೆದು ಸರಿಮಾಡುವುದೇ ಇಪ್ಪತ್ತು ವರ್ಷದಿಂದ ಅವನ ಕಸುಬು. ಬೆಸೆದ ಮೇಲೆ ಅದರ ತೂತುಗಳನ್ನೆಲ್ಲ ಮುಚ್ಚಿ, ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಎಲ್ಲಾದರೂ ಗುಳ್ಳೆ ಏಳುತ್ತದೋ ಎಂದು ಮೊಸಳೆಯಂತೆ ಕಣ್ಣು ಬಿಟ್ಟು ಕೂರುತ್ತಿದ್ದುದರಿಂದ ಬೀದಿ ಅವನಿಗೆ ಆ ಹೆಸರು ಕೊಟ್ಟಿತ್ತು.

ಆದರೆ ಮಾವನ ಕಣ್ಣಿಗೆ ಇದೊಂದು ಕಸುಬೇ ಅಲ್ಲ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು ಅವರು. ಬೆಸೆದದ್ದೆಂದರೆ ತೇಪೆ, ತೇಪೆ ಹಾಕಿದ್ದು ಎಂದಾದರೂ ಬಿಚ್ಚಿಕೊಳ್ಳುವಂಥದ್ದು, ಇದು ಅವರ ಮತ. ಹಿರಿಯ ಅಳಿಯನ ಶೆಡ್ಡಿಗೆ ಅವರು ಒಂದು ದಿನವೂ ಕಾಲಿಟ್ಟವರಲ್ಲ. ಕಿರಿಯ ಅಳಿಯನೋ ದೊಡ್ಡ ಊರಿನ ಬಿಡಿಭಾಗಗಳ ಅಂಗಡಿಯಲ್ಲಿ ಇಸ್ತ್ರಿ ಅಂಗಿ ತೊಟ್ಟು ಕೂರುವವನು. ಹೊಸ ಮಾಲನ್ನು ಡಬ್ಬಿಯಿಂದ ತೆಗೆದು ಗಿರಾಕಿಯ ಕೈಗೆ ಕೊಡುವವನು. ಅವನ ಮಾತು ಬಂದರೆ ಮಾವನ ಮುಖ ಅರಳುತ್ತಿತ್ತು. ಗುಳ್ಳೆಯಣ್ಣನಿಗೆ ಷಡ್ಡಕನ ಮೇಲೆ ಕೋಪವೇನೂ ಇರಲಿಲ್ಲ. ಸಾಯುವುದರೊಳಗೆ ಒಂದು ಸಲ ಮಾವ ತನ್ನ ಕೆಲಸ ನೋಡಿ, ಪರವಾಗಿಲ್ಲ ಎಂದರೆ ಸಾಕಿತ್ತು.

ಈಗ ನೋಡಿದರೆ ಮಾವ ಸಂಜೆ ಆರರ ಬಸ್ಸಿಗೆ ಇಳಿಯುವವರಿದ್ದರು. ಕೈಯಲ್ಲಿ ಭಾರವಿದೆ, ನನ್ನನ್ನು ಕರೆತರಲು ಮಾತ್ರ ಇದೇ ಕಾರು ಮೆಲ್ಲಗೆ ಬರಲಿ ಎಂದು ಹಿಂದಿನ ದಿನ ಫೋನಿನಲ್ಲಿ ಹೇಳಿದ್ದರು.

ಕಾರನ್ನು ನೂಕಿಕೊಂಡು ಶೆಡ್ಡಿಗೆ ತರುವಷ್ಟರಲ್ಲಿ ಬೀದಿಗೆಲ್ಲ ಸುದ್ದಿ ಹರಡಿತ್ತು. ಹೆಂಡತಿ ಬಾಗಿಲಲ್ಲಿ ನಿಂತು ಕಾರನ್ನೂ ಗಂಡನನ್ನೂ ಒಂದೊಂದು ಸಲ ನೋಡಿದಳು. ಅಪ್ಪನಿಗೆ ಗೊತ್ತಾದರೆ ಗತಿ ಏನು ಎಂದು ಕೇಳಲಿಲ್ಲ. ಹೆಡ್ಡಿನ ಕೆಳಗೆ ಹಾಸಲು ಹೊಸ ಗ್ಯಾಸ್ಕೆಟ್ಟು ಬೇಕಾಗುತ್ತದಲ್ಲ, ನಾನು ತರುತ್ತೇನೆ ಎಂದು ಸೈಕಲ್ ಹತ್ತಿದಳು. ಇಪ್ಪತ್ತು ವರ್ಷ ಸಂಸಾರ ಮಾಡಿದವಳಿಗೆ ಅಷ್ಟಾದರೂ ತಿಳಿಯದೆ ಇರುತ್ತದೆಯೇ.

ಒಂಬತ್ತೂವರೆಗೆ ಹೆಡ್ಡು ಬಿಚ್ಚಿತು. ಎರಡು ತೂತುಗಳ ನಡುವೆ ಕೂದಲೆಳೆಯಷ್ಟು ಬಿರುಕು. ಗುಳ್ಳೆಯಣ್ಣನಿಗೆ ಜೀವ ಬಂತು. ಇದನ್ನು ಕೊರೆದು ಬೆಸೆಯುವುದು ಅವನಿಗೆ ಎಡಗೈ ಕೆಲಸ. ಒಂದೇ ತೊಡಕೆಂದರೆ, ಅಲ್ಯುಮಿನಿಯಂ ತಣ್ಣಗಿರುವಾಗ ಬೆಸೆದರೆ ಪಕ್ಕದಲ್ಲೇ ಇನ್ನೊಂದು ಕಡೆ ಸೀಳುತ್ತದೆ. ಇಡೀ ಗಡ್ಡೆಯನ್ನು ಮೊದಲು ಒಲೆಯಲ್ಲಿಟ್ಟು ಹದವಾಗಿ ಕಾಯಿಸಬೇಕು. ಅವನ ಕಾಯಿಸುವ ಪೆಟ್ಟಿಗೆಯ ತಂತಿ ಹಿಂದಿನ ವಾರವೇ ಸುಟ್ಟು ಹೋಗಿತ್ತು. ಎದುರುಗಡೆ ಬೇಕರಿಯಿತ್ತು.

ಬೇಕರಿಯಣ್ಣ ಮೊದಲು ಒಲ್ಲೆ ಎಂದ. ಆಮೇಲೆ ಸೋಪು ಹಾಕಿ ಮೂರು ಸಲ ತೊಳೆದರೆ ನೋಡೋಣ ಎಂದ. ತೊಳೆದು ತಂದ ಮೇಲೆ ಮೂಸಿ ನೋಡಿ, ನಾಲ್ಕನೆಯ ಸಲ ತೊಳೆಸಿದ. ಕೊನೆಗೆ ಬೆಳಗಿನ ಬ್ರೆಡ್ಡು ಹೊರಗೆ ಬಂದು ಸಂಜೆಯ ಬನ್ನು ಒಳಗೆ ಹೋಗುವ ನಡುವಿನ ಬಿಡುವಿನಲ್ಲಿ ಹೆಡ್ಡು ತಟ್ಟೆಯ ಮೇಲೆ ಮಲಗಿ ಓವನ್ನಿನೊಳಗೆ ಹೋಯಿತು. ಬೇಕರಿಯಣ್ಣನಿಗೆ ತನ್ನ ಒಲೆಯಲ್ಲಿ ಬೇಯುವುದು ಏನೇ ಆದರೂ ಅದು ಚೆನ್ನಾಗಿ ಬೇಯಬೇಕು. ಆಗಾಗ ಬಾಗಿಲು ತೆರೆದು ಅದರ ಮೇಲೆ ಚಿಟಿಕೆ ಮೈದಾ ಉದುರಿಸಿ ಬಣ್ಣ ನೋಡುತ್ತಿದ್ದ. ಹಿಟ್ಟು ಕಂದಾಗಿ ತಿರುಗಿದಾಗ, "ಬೆಂದಿದೆ, ತಗೊಂಡ್ಹೋಗು. ಇನ್ನೂ ಬಿಟ್ರೆ ಕೆಳಗಡೆ ಸೀಯುತ್ತೆ" ಎಂದ.

ಕಾದ ಹೆಡ್ಡು ಗಾಳಿಗೆ ತಣಿಯಬಾರದೆಂದು ಗುಳ್ಳೆಯಣ್ಣ ಮನೆಯ ದಪ್ಪ ಕಂಬಳಿಯಲ್ಲಿ ಅದನ್ನು ಸುತ್ತಿ, ಎದೆಗವಚಿಕೊಂಡು ಬೀದಿ ದಾಟಿದ. ಕಂಬಳಿಯಿಂದ ಸಣ್ಣಗೆ ಹೊಗೆ ಏಳುತ್ತಿತ್ತು. ಅದು ಏಳುವುದೇ. ಅವನ ಪಕ್ಕದ ಮನೆಯಲ್ಲಿ ನರ್ಸಮ್ಮ ಇದ್ದರು. ಆಸ್ಪತ್ರೆಯಿಂದ ನಿವೃತ್ತರಾಗಿ ಎಂಟು ವರ್ಷವಾಗಿದ್ದರೂ, ಕಣ್ಣೆದುರು ಏನಾದರೂ ಅನಾಹುತ ನಡೆದರೆ ತಡೆಯದೆ ಬಿಡುವ ಹೆಂಗಸಲ್ಲ. ಹೊಗೆಯಾಡುವ ಕಂಬಳಿಯನ್ನು ಮಗುವಿನಂತೆ ಅಪ್ಪಿಕೊಂಡು ಓಡುವ ಗಂಡಸನ್ನು ಕಂಡದ್ದೇ ತಡ, ಗಿಡಕ್ಕೆಂದು ಹಿಡಿದಿದ್ದ ಬಕೆಟಿನ ನೀರನ್ನು ಗುರಿಯಿಟ್ಟು ಎರಚಿದರು. ಗುರಿ ತಪ್ಪಲಿಲ್ಲ.

ಕಂಬಳಿಯೊಳಗೆ ಟಣ್ ಎಂದು ಒಂದು ಸದ್ದಾಯಿತು. ಸಣ್ಣ ಸದ್ದು. ಬೇರೆಯವರು ಕೇಳಿಸಿಕೊಂಡೂ ಇರಲಾರರು. ಗುಳ್ಳೆಯಣ್ಣ ಬೀದಿಯ ನಡುವೆ ನೀರಿಳಿಸುತ್ತಾ ನಿಂತು ಕಣ್ಣು ಮುಚ್ಚಿಕೊಂಡ.

"ಸುಟ್ಟುಕೊಂಡ್ಯೇನಪ್ಪ? ತೋರ್ಸು ಎದೆ" ಎಂದರು ನರ್ಸಮ್ಮ.

"ಎದೆಗೇನೂ ಆಗಿಲ್ಲ ಅಮ್ಮ, ಒಡೆದಿದೆ ಅಷ್ಟೆ" ಎಂದ ಅವನು.

ಕೂದಲೆಳೆಯಷ್ಟಿದ್ದ ಬಿರುಕು ಬೆರಳುದ್ದವಾಗಿತ್ತು. ನರ್ಸಮ್ಮನಿಗೆ ವಿಷಯ ತಿಳಿದಾಗ ಅವರ ಮುಖ ಸಣ್ಣಗಾಯಿತು. ಆ ತಪ್ಪಿಗೆ ಪ್ರಾಯಶ್ಚಿತ್ತವೆಂಬಂತೆ ಅವತ್ತು ಇಡೀ ದಿನ ಶೆಡ್ಡಿನಲ್ಲೇ ಕುಳಿತು ಸಹಾಯ ಮಾಡುತ್ತೇನೆಂದರು. ಗುಳ್ಳೆಯಣ್ಣ ಅವರಿಗೊಂದು ಸ್ಟೂಲು ಎಳೆದುಕೊಟ್ಟ.

ಎರಡನೆಯ ಸಲ ಕಾಯಿಸಲು ಹೋದಾಗ ಬನ್ನುಗಳು ಒಲೆಯೊಳಗೆ ಸೇರಿಯಾಗಿತ್ತು. ಬೇಕರಿಯಣ್ಣ ಗೊಣಗುತ್ತಲೇ ಮೂಲೆಯಲ್ಲಿ ಜಾಗ ಮಾಡಿಕೊಟ್ಟ. ಆವತ್ತಿನ ಬನ್ನಿಗೆ ಗ್ಯಾರೇಜಿನ ಘಮ ಬಂದಿತ್ತೆಂದೂ, ಕೊಂಡವರಲ್ಲಿ ಇಬ್ಬರು ಮರುದಿನವೂ ಅದನ್ನೇ ಕೇಳಿದರೆಂದೂ ಆಮೇಲೆ ಬೇಕರಿಯಣ್ಣನೇ ಹೇಳುತ್ತಿದ್ದ.

ಮಧ್ಯಾಹ್ನ ಒಂದು ಗಂಟೆಗೆ ಗುಳ್ಳೆಯಣ್ಣ ಮುಖವಾಡ ತೊಟ್ಟು ಬೆಸೆಯಲು ಕುಳಿತ. ಆ ಹೊತ್ತಿನಲ್ಲಿ ಅವನು ಬೇರೆಯೇ ಮನುಷ್ಯ. ಕಬ್ಬಿಣವಾದರೆ ಕೆಂಪಾಗಿ, ಹೊಳೆದು, ಕರಗುತ್ತೇನೆ ನೋಡು ಎಂದು ಮುಂಚಿತವಾಗಿ ಹೇಳುತ್ತದೆ. ಅಲ್ಯುಮಿನಿಯಂ ಹಾಗಲ್ಲ. ಮುಖದಲ್ಲಿ ಏನನ್ನೂ ತೋರಿಸದೆ ಸುಮ್ಮನಿದ್ದು, ಒಂದು ಕ್ಷಣದಲ್ಲಿ ಕುಸಿದು ಬೀಳುತ್ತದೆ. ಅದರ ಮನಸ್ಸನ್ನು ಊಹಿಸುತ್ತಲೇ ಕೈ ಆಡಿಸಬೇಕು. ಅಂಥದ್ದರ ಜೊತೆ ಹೊಂದಿಕೊಂಡು ಹೋಗುವುದನ್ನು ಅವನು ಮಾವನ ಮನೆಯಲ್ಲಿ ಊಟಕ್ಕೆ ಕೂತು ಕಲಿತಿದ್ದ. ಕಡ್ಡಿ ಕರಗಿ, ಹನಿಯ ಮೇಲೆ ಹನಿ ಕೂತು, ಬೆರಳುದ್ದದ ಬಿರುಕು ಅರ್ಧ ಗಂಟೆಯಲ್ಲಿ ತುಂಬಿತು.

ಇನ್ನು ಅದು ತಣ್ಣಗಾಗಬೇಕು. ನಿಧಾನವಾಗಿ, ತಾನಾಗಿಯೇ. ಗುಳ್ಳೆಯಣ್ಣ ಅದನ್ನು ಬಿಸಿ ಬೂದಿಯ ಪೆಟ್ಟಿಗೆಯಲ್ಲಿ ಹೂತ. ನರ್ಸಮ್ಮ ಮನೆಯಿಂದ ಫ್ಯಾನು ತರಲೇ ಎಂದರು, ಬೇಡವೆಂದ. ಐಸು ಎಂದರು. ಅವನು ಪೆಟ್ಟಿಗೆಯ ಮುಚ್ಚಳದ ಮೇಲೆ ಕಾವು ಕೊಡುವ ಕೋಳಿಯಂತೆ ಕುಳಿತುಬಿಟ್ಟ. ಎರಡು ಗಂಟೆ ಅಲ್ಲಿಂದ ಏಳಲಿಲ್ಲ. ಹೆಂಡತಿ ತಂದ ಊಟವನ್ನೂ ಅಲ್ಲೇ ಕುಳಿತು ತಿಂದ.

ಮೂರೂವರೆಗೆ ಅದನ್ನೆತ್ತಿಕೊಂಡು ಪಕ್ಕದ ಲೇತಪ್ಪನ ಅಂಗಡಿಗೆ ಓಡಿದ. ಬೆಸೆದ ಜಾಗದ ಉಬ್ಬನ್ನೆಲ್ಲ ಹೆರೆದು, ತಳವನ್ನು ಕನ್ನಡಿಯಂತೆ ಮಟ್ಟ ಮಾಡಿಕೊಡುವವನು ಲೇತಪ್ಪ. ಹದಿನೈದು ವರ್ಷದಿಂದ ಗುಳ್ಳೆಯಣ್ಣ ಬೆಸೆದ ಪ್ರತಿಯೊಂದು ಹೆಡ್ಡೂ ಅವನ ಯಂತ್ರದ ಕೆಳಗೆ ಮಲಗಿ ಎದ್ದದ್ದೇ. ಅವನು ಕೈಯಿಟ್ಟು ನೋಡಿ, ಇನ್ನೂ ಬೆಚ್ಚಗಿದೆ, ಬೆಚ್ಚಗಿರುವಾಗ ಅಳೆದರೆ ಅಳತೆ ಸುಳ್ಳಾಗುತ್ತದೆ, ನಾನು ಮುಟ್ಟುವುದಿಲ್ಲ ಎಂದ. ಮಾವನ ಬಸ್ಸು ಆರಕ್ಕೆ ಬರುತ್ತದೆಂದು ಗುಳ್ಳೆಯಣ್ಣ ಗೋಗರೆದ.

"ಬಸ್ಸಿಗೆ ನಾನೇನು ಮಾಡ್ಲಿ ಅಣ್ಣ? ನನ್ನ ಕೈಯಿಂದ ಸೊಟ್ಟ ಮಾಲು ಹೊರಗೆ ಹೋಗಲ್ಲ" ಎಂದು ಲೇತಪ್ಪ ಬೀಡಿ ಹಚ್ಚಿದ. ಅದು ಮುಗಿಯುವ ತನಕ ಇಬ್ಬರೂ ಆ ಗಡ್ಡೆಯನ್ನು ನೋಡುತ್ತಾ ಕುಳಿತರು. ಮುಗಿದ ಮೇಲೆ ಲೇತಪ್ಪ ಮತ್ತೆ ಕೈಯಿಟ್ಟ, ತಲೆಯಾಡಿಸಿದ, ಯಂತ್ರ ಶುರು ಮಾಡಿದ. ಕೂದಲ ದಪ್ಪದಲ್ಲಿ ಒಂದು ಪದರ, ಇನ್ನೊಂದು ಪದರ. ಬೆಳ್ಳಿಯ ಸಿಪ್ಪೆ ಸುರುಳಿ ಸುರುಳಿಯಾಗಿ ಉದುರಿತು. ಕೊನೆಗೆ ಎಲ್ಲಿ ಬಿರುಕಿತ್ತೆಂದು ಬೆಸೆದವನಿಗೇ ಗೊತ್ತಾಗದ ಹಾಗೆ ಆಯಿತು. ತೊಟ್ಟಿಯಲ್ಲಿ ಮುಳುಗಿಸಿದರೆ ಒಂದು ಗುಳ್ಳೆಯೂ ಏಳಲಿಲ್ಲ. ನರ್ಸಮ್ಮ ಬೋಲ್ಟುಗಳನ್ನು ಆಪರೇಷನ್ನಿಗೆ ಕತ್ತರಿ ಕೊಡುವ ಹಾಗೆ ಒಂದೊಂದಾಗಿ ಅವನ ಕೈಗಿಟ್ಟರು. ಐದು ನಲವತ್ತಕ್ಕೆ ಕಾರು ಕೆಮ್ಮದೆ ಸ್ಟಾರ್ಟ್ ಆಯಿತು. ಮಾವನ ಮುಂದೆ ಯಾರೂ ತುಟಿ ಬಿಚ್ಚಕೂಡದೆಂದು ಗುಳ್ಳೆಯಣ್ಣ ಎಲ್ಲರಿಂದಲೂ ಮಾತು ತೆಗೆದುಕೊಂಡು ಹೊರಟ.

ಮಾವ ಬಸ್ಸಿನಿಂದ ಇಳಿದವರು ಅಳಿಯನನ್ನು ನೋಡುವ ಮೊದಲು ಕಾರಿನ ಸುತ್ತ ಒಂದು ಸುತ್ತು ಬಂದರು. ಕೈಯಲ್ಲೊಂದು ಭಾರವಾದ ಗೋಣಿಚೀಲವಿತ್ತು. ಅದನ್ನು ಯಾರಿಗೂ ಕೊಡದೆ ತಾವೇ ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕುಳಿತರು. ಸೇತುವೆಯ ಏರು ಬಂದಾಗ ಅವರ ಕಣ್ಣು ಬಿಸಿ ತೋರಿಸುವ ಮುಳ್ಳಿನ ಮೇಲೇ ನೆಟ್ಟಿತ್ತು. ಮುಳ್ಳು ಅಲುಗಲಿಲ್ಲ.

"ಒಂದು ವಾರ ಸುಮ್ನೆ ನಿಂತಿದ್ದಕ್ಕೆ ಸುಧಾರಿಸ್ಕೊಂಡಿದೆ" ಎಂದರು ಮಾವ. ಸ್ವಲ್ಪ ದೂರ ಹೋದ ಮೇಲೆ ಅವರೇ ಬಾಯಿ ಬಿಟ್ಟರು. "ನಿಮ್ಮ ಹತ್ರ ಮುಚ್ಚಿಡೋದೇನಿದೆ ಅಳಿಯಂದ್ರೇ. ಇದರ ಹೆಡ್ಡು ಒಂದು ತಿಂಗಳಿಂದ ಬಿರುಕು ಬಿಟ್ಟಿದೆ. ನೀರು ಇಳೀತಾ ಇತ್ತು. ಅದಕ್ಕೇ ಚಕ್ರ ಉರುಳಬಾರದು ಅಂದಿದ್ದು."

ಗುಳ್ಳೆಯಣ್ಣನ ಕಾಲು ಬ್ರೇಕಿನ ಮೇಲೆ ತಾನಾಗಿ ಹೋಯಿತು. ಹಾಗಾದರೆ ಒಡೆದದ್ದು ತಾನಲ್ಲ. ಬೆಳಿಗ್ಗೆಯಿಂದ ಎದೆಯ ಮೇಲೆ ಕುಳಿತಿದ್ದ ಬಂಡೆ ಇಳಿಯಿತು. ನನಗೆ ಒಂದು ಮಾತು ಹೇಳಬಾರದಿತ್ತೇ ಎಂದು ಕೇಳಿದ.

"ಹೇಳಿದ್ರೆ ನೀವು ಬೆಸೀತೀನಿ ಅಂತೀರಿ. ಬೇಡ ಅಂದ್ರೆ ಮಗಳು ಮುಖ ಊದಿಸ್ಕೋತಾಳೆ" ಎಂದರು ಮಾವ.

ಮನೆಯ ಮುಂದೆ ಬೀದಿಯೆಲ್ಲ ಯಾವ ಕೆಲಸವೂ ಇಲ್ಲದವರ ಹಾಗೆ ನಿಂತಿತ್ತು. ಬೇಕರಿಯಣ್ಣ, ನರ್ಸಮ್ಮ, ಲೇತಪ್ಪ, ಎಲ್ಲರ ಬಾಯೂ ಹೊಲಿದಂತೆ ಮುಚ್ಚಿತ್ತು, ಕಣ್ಣು ಮಾತ್ರ ಬಿಚ್ಚಿತ್ತು. ನೆರೆದವರನ್ನು ಕಂಡು ಮಾವನಿಗೆ ಉಮೇದು ಬಂತು. ಮೆಟ್ಟಿಲ ಮೇಲೆ ಕುಳಿತು ಗೋಣಿಚೀಲ ಬಿಚ್ಚಿದರು. ಒಳಗೆ ಹಳೆಯ ಟವೆಲಿನಲ್ಲಿ ಸುತ್ತಿದ್ದ, ಫಳಫಳ ಹೊಳೆಯುವ ಒಂದು ಹೆಡ್ಡು. ಇದೇ ಕಾರಿನದು.

ಕಿರಿಯ ಅಳಿಯ ಹತ್ತು ಕಡೆ ಅಲೆದು ಹುಡುಕಿಕೊಟ್ಟದ್ದಂತೆ. ಇಂಥ ಮಾಲು ಈಗ ಬರುವುದೇ ಇಲ್ಲವಂತೆ. ಕಂಪನಿಯಿಂದ ಬಂದ ಹಾಗೇ ಇದೆ, ಬಿರುಕಿಲ್ಲ, ತೇಪೆಯಿಲ್ಲ, ಯಾರೂ ಕೈ ಹಾಕಿಲ್ಲ ಎಂದು ಮಾವ ಅದನ್ನು ತಿರುಗಿಸಿ ತಿರುಗಿಸಿ ತೋರಿಸಿದರು.

ಹಾಗೆ ತಿರುಗಿಸಿದಾಗ ಅದರ ಪಕ್ಕೆಯಲ್ಲಿ, ಅಚ್ಚೊತ್ತಿದ ಸಂಖ್ಯೆಯ ಕೆಳಗೆ, ಉಗುರಿನಂಥ ಒಂದು ತಗ್ಗು ಕಾಣಿಸಿತು. ಗುಳ್ಳೆಯಣ್ಣ ಹತ್ತಿರ ಬಂದು ಮಂಡಿಯೂರಿದ. ಮೂರು ವರ್ಷದ ಹಿಂದೆ ಒಬ್ಬ ಟ್ಯಾಕ್ಸಿಯವನು ಈ ಹೆಡ್ಡನ್ನು ಎರಡು ಹೋಳಾಗುವುದೊಂದೇ ಬಾಕಿ ಎಂಬ ಸ್ಥಿತಿಯಲ್ಲಿ ತಂದು ಸುರಿದಿದ್ದ. ಇಂಥ ಕಷ್ಟದ ಕೆಲಸವನ್ನು ಗುಳ್ಳೆಯಣ್ಣ ಜನ್ಮದಲ್ಲಿ ಮಾಡಿರಲಿಲ್ಲ. ನಾಲ್ಕು ದಿನ ಬೆಸೆದು, ಕೊನೆಯ ದಿನ ಖುಷಿಯಲ್ಲಿ ಎತ್ತಿಕೊಳ್ಳುವಾಗ ಹೊಸ್ತಿಲ ಮೇಲೆ ಬೀಳಿಸಿದ್ದ. ಆ ತಗ್ಗು ಆಗಿನದು. ಹೆತ್ತವಳು ಮಗುವಿನ ಮಚ್ಚೆಯನ್ನು ಮರೆಯುತ್ತಾಳೆಯೇ.

"ಮಾವ, ಇದು ನಾನು ಬೆಸೆದದ್ದು" ಎಂದ.

ಮಾವ ಅವನನ್ನೇ ನೋಡಿದರು. ಕನ್ನಡಕ ಹಾಕಿಕೊಂಡರು. ಹೆಡ್ಡನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಇಂಚಿಂಚೂ ಸವರಿದರು. "ಎಲ್ಲಿ? ತೋರ್ಸಿ."

ಗುಳ್ಳೆಯಣ್ಣ ತೋರಿಸಲು ಬಗ್ಗಿದ. ಇಲ್ಲೇ, ಈ ಎರಡು ತೂತಿನ ನಡುವೆ. ಅಲ್ಲ, ಅದರ ಪಕ್ಕದ ಎರಡರ ನಡುವೆ. ಒಂದು ಗೆರೆಯಿಲ್ಲ, ಒಂದು ಕಲೆಯಿಲ್ಲ. ಉಗುರಿನಿಂದ ಕೆರೆದ, ನಾಲಿಗೆಯಿಂದ ಬೆರಳು ಒದ್ದೆ ಮಾಡಿ ಉಜ್ಜಿದ. ಅಂಥ ಶುದ್ಧವಾದ ಕೆಲಸ. ತನ್ನ ಜೀವಮಾನದಲ್ಲಿ ಮೊದಲ ಸಲ, ಅಂದು ಸ್ವಲ್ಪ ಸೋಮಾರಿತನ ಮಾಡಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು. ದಿಕ್ಕು ತೋಚದೆ ಲೇತಪ್ಪನ ಕಡೆ ತಿರುಗಿದ. ಈ ತಳವನ್ನು ಮಟ್ಟ ಮಾಡಿದವನೇ ಅವನಲ್ಲವೇ.

ಲೇತಪ್ಪ ಗಂಭೀರವಾಗಿ ಮುಂದೆ ಬಂದ. ಜೇಬಿನಿಂದ ಉಕ್ಕಿನ ಪಟ್ಟಿ ತೆಗೆದು ಉದ್ದಕ್ಕೂ ಅಡ್ಡಕ್ಕೂ ಇಟ್ಟು, ಒಂದು ಕಣ್ಣು ಮುಚ್ಚಿ ನೋಡಿದ. ಸ್ನೇಹ ಬೇರೆ, ಕಸುಬು ಬೇರೆ ಎಂಬ ಮನುಷ್ಯ ಅವನು.

"ಇಲ್ಲಣ್ಣ" ಎಂದ. "ಇದು ಕಂಪನಿ ಮಾಲೇ. ನಮ್ಮಂಥವರ ಕೈ ಇದಕ್ಕೆ ಬಿದ್ದಿಲ್ಲ."

ಬೀದಿ ನಿಟ್ಟುಸಿರು ಬಿಟ್ಟಿತು. ಮಾವ ಎದ್ದು ಬಂದು, ಅಳಿಯನ ಭುಜದ ಮೇಲೆ ಕೈಯಿಟ್ಟರು. ಇಪ್ಪತ್ತು ವರ್ಷದಲ್ಲಿ ಅವರು ಇಷ್ಟು ಮೃದುವಾಗಿ ಮಾತಾಡಿದ್ದೇ ಇಲ್ಲ. ಹೊಟ್ಟೆಕಿಚ್ಚು ಯಾರಿಗಾದರೂ ಸಹಜ, ಅದಕ್ಕೆ ಬೇಸರ ಮಾಡಿಕೊಳ್ಳಬಾರದು ಎಂದರು. ನಾಳೆ ಬೆಳಿಗ್ಗೆ ಇದನ್ನು ಕೂರಿಸಿ, ಗಾಡಿಯಲ್ಲಿರುವ ಹಳೆಯದನ್ನು ಗುಜರಿಗೆ ಹಾಕಿಬಿಡಿ ಎಂದರು. ನರ್ಸಮ್ಮ ಬಾಯಿಗೆ ಸೆರಗು ತುರುಕಿಕೊಂಡರು.

ಆಮೇಲೆ ಮಾವ ಹೆಡ್ಡನ್ನು ಟವೆಲಿನ ಸಮೇತ ಎತ್ತಿ ಅವನ ಎರಡೂ ಕೈಯಲ್ಲಿಟ್ಟರು.

"ಇವತ್ತು ರಾತ್ರಿ ಇದು ನಿಮ್ಮ ಹತ್ರಾನೇ ಇರಲಿ. ನಿಧಾನವಾಗಿ ನೋಡಿ. ಕೆಲಸ ಅಂದ್ರೆ ಹೇಗಿರುತ್ತೆ ಅಂತ ಸ್ವಲ್ಪ ಕಲ್ಕೊಳ್ಳಿ."

"ಆಗ್ಲಿ ಮಾವ" ಎಂದ ಗುಳ್ಳೆಯಣ್ಣ.